ಬಸಿದ ನೀರು ಚೆಲ್ತಾರಾ ಯಾರಾದ್ರೂ?

ಬುಧವಾರ ರಾತ್ರಿ 8:15. ವೈಟ್‌ಫೀಲ್ಡ್‌ನಿಂದ ವಿಜಯನಗರದವರೆಗೆ ಮೆಟ್ರೋ ನೇರಳೆ ಮಾರ್ಗದಲ್ಲಿ ನಿಂತೇ ಬಂದಿದ್ದೆ, ಕಾಲು ಸೋತಿತ್ತು. ಮನೆಗೆ ಬಂದರೆ ಮಗಳು ಲೆಕ್ಕದ ಪುಸ್ತಕದ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದಾಳೆ. ನಮ್ಮ ಮನೆಯವರು ರೂಮಿನ ಬಾಗಿಲು ಹಾಕಿಕೊಂಡು ಆಫೀಸಿನ ಕಾಲ್‌ನಲ್ಲಿದ್ದಾರೆ. ಊರಿಂದ ಬಂದ ಅವ್ವ ಹಾಲ್‌ನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಸುಮ್ನೆ ಕೂತಿದ್ದಾಳೆ. ಅವಳಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ನಾಲ್ಕು ದಿನ ಆಗಿತ್ತು. ಒಲೆ ಹತ್ತಿರ ಹೋಗಬೇಡಿ, ಹೊಗೆ ತಾಗಿಸಿಕೊಳ್ಳಬೇಡಿ ಅಂತ ಡಾಕ್ಟರ್ ಹೇಳಿದ್ದರು. ಮಂಡ್ಯದ ಕಡೆ ಹಳ್ಳಿಯಲ್ಲಿ ಹತ್ತು ಜನಕ್ಕೆ ಮುದ್ದೆ ಕಟ್ಟಿದ ಕೈ ಅದು, ಕೆಲಸವಿಲ್ಲದೆ ಮಡಿಲಲ್ಲಿ ಬಿದ್ದಿತ್ತು.

"ಬಂದ್ಯಾ ಮಗ? ಹೊಟ್ಟೆ ಹಸ್ದಿರ್ಬೇಕು" ಅಂದಳು.

ಅಡುಗೆಮನೆಗೆ ಹೋಗಿ ಫ್ರಿಜ್ ತೆಗೆದೆ. ದೋಸೆ ಹಿಟ್ಟು ಬೆಳಿಗ್ಗೆಯೇ ಮುಗಿದಿತ್ತು. ತರಕಾರಿ ಬುಟ್ಟಿಯಲ್ಲಿ ಒಂದು ಆಲೂಗಡ್ಡೆ, ಅದೂ ಮೊಳಕೆ ಬಂದಿದ್ದು. ಮನೆಯಲ್ಲಿ ಏನೂ ಇಲ್ಲ ಅಂತ ಬಾಯಲ್ಲಿ ಬಂತು. ಈ ಮಾತನ್ನು ನಾವು ವಾರಕ್ಕೆ ಎಷ್ಟು ಸಲ ಹೇಳುತ್ತೇವೋ. ಆದರೆ ನಿಂತು ನೋಡಿದರೆ ಇತ್ತು. ಅರ್ಧ ಕಟ್ಟು ಕೊತ್ತಂಬರಿ ಸೊಪ್ಪು. ಒಂದು ನಿಂಬೆಹಣ್ಣು. ಎರಡು ಚೀಸ್ ಕ್ಯೂಬ್. ಬ್ರೆಡ್ ಪ್ಯಾಕೆಟ್ಟಿನಲ್ಲಿ ಯಾರೂ ಮುಟ್ಟದ ಎರಡು ತುದಿ ಹೋಳು. ಬುಟ್ಟಿಯಲ್ಲಿ ನಾಟಿ ಬೆಳ್ಳುಳ್ಳಿ, ಡಬ್ಬದಲ್ಲಿ ಬ್ಯಾಡಗಿ ಮೆಣಸಿನಕಾಯಿ, ಕಡಲೆಕಾಯಿ ಎಣ್ಣೆ. ಮೇಲಿನ ಶೆಲ್ಫಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿಟ್ಟ ಸ್ಪಗೆಟ್ಟಿ, ಅಂದರೆ ಉದ್ದ ಎಳೆಯ ಪಾಸ್ತಾ ಪ್ಯಾಕೆಟ್, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಂದಾಜು 300 ಗ್ರಾಂ. ನಾಲ್ಕು ಜನಕ್ಕೆ ಸಾಕು. ಹತ್ತು ನಿಮಿಷದಲ್ಲಿ ಎಲ್ಲವನ್ನೂ ಮನೆ ಬಾಗಿಲಿಗೆ ತಂದು ಕೊಡುವ ಆ್ಯಪ್‌ಗಳು ಫೋನಿನಲ್ಲಿ ಇವೆ, ನಾನೂ ಬಳಸುತ್ತೇನೆ. ಆದರೆ ಮನೆಯಲ್ಲಿ ಇರುವುದನ್ನು ನೋಡಿ ಅಡುಗೆ ಮಾಡುವುದು ಒಂದು ಕಲೆ, ಅದನ್ನು ಬಿಟ್ಟುಬಿಟ್ಟರೆ ಮತ್ತೆ ಕೈಗೆ ಬರುವುದು ಕಷ್ಟ ಅಂತ ನನಗೆ ನಿಜವಾಗಿಯೂ ಅನಿಸುತ್ತದೆ.

ಸ್ಪಗೆಟ್ಟಿ, ಬೆಳ್ಳುಳ್ಳಿ, ಎಣ್ಣೆ, ಒಣ ಮೆಣಸಿನಕಾಯಿ. ಇಷ್ಟರಲ್ಲೇ ಆಗುವ ಒಂದು ಅಡುಗೆ ಇಟಲಿಯ ನೇಪಲ್ಸ್ ಕಡೆಯದು. ಆಲ್ಯೋ ಎ ಓಲ್ಯೋ ಅಂತ ಹೆಸರು. ಆಲ್ಯೋ ಅಂದರೆ ಬೆಳ್ಳುಳ್ಳಿ, ಓಲ್ಯೋ ಅಂದರೆ ಎಣ್ಣೆ. ಬೇರೆ ಏನೂ ಇಲ್ಲ, ಹೆಸರಲ್ಲೇ ಅಡುಗೆ ಮುಗಿದುಹೋಯಿತು. ಹೊತ್ತು ಮೀರಿ ಗೆಳೆಯರ ಜೊತೆ ಮನೆಗೆ ಬಂದಾಗ, ಅಂಗಡಿ ಎಲ್ಲ ಮುಚ್ಚಿರುವಾಗ ಮಾಡಿಕೊಳ್ಳುವ ಊಟ ಅದು. ನಡುರಾತ್ರಿಯ ಸ್ಪಗೆಟ್ಟಿ ಅಂತಲೇ ಅಲ್ಲಿ ಒಂದು ಮಾತಿದೆ. ನಮ್ಮಲ್ಲಿ ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿಬಿಡ್ತೀವಲ್ಲ, ಅದೇ ಜಾತಿಯ ಅಡುಗೆ. ಅಲ್ಲಿ ಹಾಕುವುದು ಆಲಿವ್ ಎಣ್ಣೆ ಮತ್ತು ಪಾರ್ಸ್ಲಿ ಸೊಪ್ಪು. ನನ್ನ ಹತ್ತಿರ ಇದ್ದದ್ದು ಕಡಲೆಕಾಯಿ ಎಣ್ಣೆ ಮತ್ತು ಕೊತ್ತಂಬರಿ.

ಅವತ್ತು ನಾನು ಮಾಡಿದ್ದು ಹತ್ತು ವರ್ಷದಿಂದ ಮಾಡುತ್ತಾ ಬಂದ ರೀತಿಯಲ್ಲೇ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿದೆ, ಉಪ್ಪು ಹಾಕಿದೆ, ಅಂಟಬಾರದು ಅಂತ ಎರಡು ಚಮಚ ಎಣ್ಣೆಯನ್ನೂ ಹಾಕಿದೆ. ಸ್ಪಗೆಟ್ಟಿ ಬೆಂದ ಮೇಲೆ ಜಾಲರಿ ಬುಟ್ಟಿ ಇಟ್ಟು ಅಷ್ಟೂ ನೀರನ್ನು ಒಂದೇ ಸಲಕ್ಕೆ ಸಿಂಕಿಗೆ ಬಗ್ಗಿಸಿದೆ. ಹಬೆ ಮುಖಕ್ಕೆ ರಾಚಿತು. ಆಮೇಲೆ ನಲ್ಲಿ ಕೆಳಗೆ ಹಿಡಿದು ತಣ್ಣೀರಲ್ಲಿ ತೊಳೆದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಪಾಸ್ತಾ ಮಾಡುವುದು ಹೀಗೇ, ನನಗೂ ಯಾರೋ ಹೀಗೇ ಹೇಳಿಕೊಟ್ಟಿದ್ದು.

ಹಾಲ್‌ನಿಂದ ಅವ್ವನ ದನಿ ಬಂತು.

"ಏನ್ ಮಗ ಅದು ಸುರಿದಿದ್ದು?"

"ಪಾಸ್ತಾ ಬೇಯಿಸಿದ ನೀರು ಕಣವ್ವ."

"ಉಪ್ಪು ಹಾಕಿದ್ಯಾ ಅದಕ್ಕೆ?"

"ಹೂಂ."

"ಗೋಧೀದು ಅಂದಿದ್ದೆ ಅದು."

"ಹೂಂ ಅವ್ವ, ಗೋಧೀದೇ."

"ಮತ್ತೆ ಯಾಕ್ ಚೆಲ್ದೆ? ಬಸಿದ ನೀರು ಚೆಲ್ತಾರಾ ಯಾರಾದ್ರೂ?"

ಕಣ್ಣಿಗೆ ಔಷಧಿ ಬಿಟ್ಟು ಮುಚ್ಚಿಕೊಂಡು ಕೂತಿದ್ದವಳು. ಸಿಂಕಿಗೆ ಬಿದ್ದ ಸದ್ದಲ್ಲೇ ಅವಳಿಗೆ ಗೊತ್ತಾಗಿತ್ತು, ಅದು ಬರೀ ನೀರಲ್ಲ, ಗಂಜಿ ಇಳಿದ ನೀರು ಅಂತ. ತೆಳು ನೀರು ಬೀಳುವ ಸದ್ದೇ ಬೇರೆ, ಗಂಜಿ ನೀರು ಬೀಳುವ ಸದ್ದೇ ಬೇರೆ ಅಂತ ಆಮೇಲೆ ಹೇಳಿದಳು. ನಾನು ಎರಡು ಸಲ ಕಿವಿ ಕೊಟ್ಟು ಕೇಳಿದ್ದೇನೆ. ಗಂಜಿ ನೀರು ಸ್ವಲ್ಪ ಮೆತ್ತಗೆ, ದಪ್ಪಗೆ ಬೀಳುತ್ತದೆ. ಹೌದು, ಬೇರೆಯೇ.

ಅವತ್ತಿನ ಊಟ ಹೇಗಿತ್ತೋ ಹಾಗೇ ಹೇಳುತ್ತೇನೆ. ಬೆಳ್ಳುಳ್ಳಿ ಘಮ ಚೆನ್ನಾಗಿತ್ತು. ಆದರೆ ಎಳೆಗಳು ಒಂದಕ್ಕೊಂದು ಅಂಟಿ ಗಂಟಾಗಿದ್ದವು, ಎಣ್ಣೆ ಎಲ್ಲ ತಟ್ಟೆಯ ತಳಕ್ಕೆ ಇಳಿದು ನಿಂತಿತ್ತು. ಮಗಳು ಅರ್ಧ ಬಿಟ್ಟಳು. ಅವ್ವ ಕೈಯಲ್ಲಿ ಒಂದೊಂದೇ ಎಳೆ ಹುಡುಕಿ ತಿಂದು, "ರುಚಿ ಐತೆ ಮಗ. ಆದ್ರೆ ಒಣಗ್ತಾ ಐತೆ. ಆ ಕಟ್ಟು ಒಂದು ಸೌಟು ಇದ್ದಿದ್ರೆ ಜಾರ್ಕೊಂಡು ಹೋಗೋದು" ಅಂದಳು.

ಕಟ್ಟು. ಈ ಪದ ಕೇಳಿ ಎಷ್ಟು ದಿನ ಆಗಿತ್ತು!

ಮಂಡ್ಯ, ಮೈಸೂರು, ಹಾಸನ, ತುಮಕೂರು ಕಡೆಯವರಿಗೆ ಬಸ್ಸಾರು ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೆಸರುಕಾಳೋ ಹಲಸಂದೆಯೋ ಅವರೆಕಾಳೋ ಯಾವುದಾದರೂ ಒಂದು ಕಾಳು, ಜೊತೆಗೆ ದಂಟು, ಸಬ್ಬಸಿಗೆ, ಕೀರೆ ಹೀಗೆ ಸಿಕ್ಕ ಸೊಪ್ಪು, ಎರಡನ್ನೂ ಉಪ್ಪು ಹಾಕಿ ಬೇಯಿಸುತ್ತಾರೆ. ಬೆಂದ ಮೇಲೆ ಪಾತ್ರೆ ಬಾಯಿಗೆ ತಟ್ಟೆ ಅಡ್ಡ ಹಿಡಿದು ನೀರನ್ನು ಬಸಿಯುತ್ತಾರೆ. ಆ ನೀರೇ ಕಟ್ಟು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಬಿದ್ದು ಪಲ್ಯ ಆಗುತ್ತದೆ. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಜೊತೆಗೆ ಬೆಂದ ಕಾಳು ಸೊಪ್ಪಿನದ್ದೇ ಒಂದು ಹಿಡಿ ರುಬ್ಬಿ ಹಾಕಿದರೆ ಸಾರು. ಮುದ್ದೆಗೆ ಅದಕ್ಕಿಂತ ಒಳ್ಳೆ ಜೋಡಿ ಇಲ್ಲ. ಯುಗಾದಿ ದಿನ ಒಬ್ಬಟ್ಟಿಗೆ ಬೇಳೆ ಬೇಯಿಸಿ ಬಸಿದ ಕಟ್ಟಲ್ಲೇ ಒಬ್ಬಟ್ಟಿನ ಸಾರು ಮಾಡುವುದು. ಎಷ್ಟೋ ಜನಕ್ಕೆ ಒಬ್ಬಟ್ಟಿಗಿಂತ ಆ ಸಾರೇ ಇಷ್ಟ, ನಮ್ಮ ಮನೆಯಲ್ಲಂತೂ ಮರುದಿನದ ಸಾರಿಗೆ ಕಾಯುತ್ತಿದ್ದೆವು. ಅಂದರೆ ಬೇಯಿಸಿದ ನೀರಿನಲ್ಲೇ ಸತ್ವ ಇಳಿದಿರುತ್ತದೆ, ಅದು ಅರ್ಧ ಅಡುಗೆ ಅನ್ನುವುದು ನಾನು ಚಿಕ್ಕಂದಿನಿಂದ ಕಣ್ಣಾರೆ ನೋಡಿದ ವಿಷಯ. ಪಾಸ್ತಾ ಅನ್ನುವ ಹೆಸರು ಬಂದ ಕೂಡಲೇ ಅದು ನನ್ನ ತಲೆಯಿಂದ ಜಾರಿಹೋಗಿತ್ತು. ಹೊಸ ಅಡುಗೆ, ಹೊರದೇಶದ ಅಡುಗೆ, ಅದರ ನಿಯಮವೇ ಬೇರೆ ಅಂದುಕೊಂಡಿದ್ದೆ.

ಬೇರೆ ಅಲ್ಲವೇ ಅಲ್ಲ. ಅವತ್ತು ಮಲಗುವ ಮೊದಲು ಓದುತ್ತಾ ಕೂತೆ. ಇಟಲಿಯ ಮನೆಗಳಲ್ಲಿ ಪಾಸ್ತಾ ಬೇಯಿಸಿದ ನೀರನ್ನು ಒಂದು ಲೋಟ ತೆಗೆದಿಟ್ಟುಕೊಳ್ಳದೆ ಸಾಮಾನ್ಯವಾಗಿ ಬಸಿಯುವುದಿಲ್ಲ. ತಣ್ಣೀರಲ್ಲಿ ತೊಳೆಯುವುದಂತೂ ಬಿಸಿ ಊಟಕ್ಕೆ ಮಾಡುವುದೇ ಇಲ್ಲ, ಸಲಾಡ್‌ಗೆ ಮಾತ್ರ ಕೆಲವರು ಹಾಗೆ ಮಾಡುತ್ತಾರೆ. ಯಾಕೆ ಅಂದರೆ ಬೇಯುವಾಗ ಪಾಸ್ತಾದ ಮೈಯಿಂದ ಗಂಜಿ ಬಿಟ್ಟು ನೀರಿಗೆ ಬರುತ್ತದೆ. ಎಣ್ಣೆ ನೀರು ತಾವಾಗಿ ಸೇರುವುದಿಲ್ಲ ಅಲ್ವಾ, ಎಷ್ಟು ಕಲಕಿದರೂ ಎಣ್ಣೆ ಮೇಲೆ ಬಂದು ನಿಲ್ಲುತ್ತದೆ. ಆದರೆ ನೀರಿನಲ್ಲಿ ಗಂಜಿ ಇದ್ದರೆ ಅದು ದಪ್ಪಗಾಗಿರುತ್ತದೆ, ಕಲಕಿದಾಗ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಒಡೆದು ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಮತ್ತೆ ಒಂದಾಗಲು ಬಿಡುವುದಿಲ್ಲ. ಹಾಗೆ ಆದಾಗ ಎಣ್ಣೆ ತಳಕ್ಕೆ ಇಳಿಯದೆ ಎಳೆ ಎಳೆಗೂ ಹಚ್ಚಿದ ಹಾಗೆ ನಿಲ್ಲುತ್ತದೆ. ನಾನು ಮಾಡುತ್ತಿದ್ದುದು ಏನು? ನೀರಿಗೆ ಎಣ್ಣೆ ಹಾಕಿ, ಗಂಜಿ ಚೆಲ್ಲಿ, ಮೈಗೆ ಅಂಟಿದ್ದ ಗಂಜಿಯನ್ನೂ ನಲ್ಲಿ ಕೆಳಗೆ ತೊಳೆದು, ಆಮೇಲೆ ಎಣ್ಣೆ ಯಾಕೆ ಹಿಡಿಯುತ್ತಿಲ್ಲ ಅಂತ ಇನ್ನಷ್ಟು ಎಣ್ಣೆ ಹಾಕುವುದು.

ಈ ಗಂಜಿಯ ಲೆಕ್ಕವನ್ನು ವಿಜ್ಞಾನಿಗಳೂ ಮಾಡಿದ್ದಾರೆ. ರೋಮ್ ಕಡೆ ಪೆಕೊರಿನೊ ಚೀಸ್ ಮತ್ತು ಕರಿಮೆಣಸು ಎರಡೇ ಹಾಕಿ ಮಾಡುವ ಕಾಚೊ ಎ ಪೆಪೆ ಅನ್ನುವ ಪಾಸ್ತಾ ಇದೆ. ಚೀಸ್ ಬಿಸಿಗೆ ಗಂಟು ಕಟ್ಟುವುದೇ ಅದರಲ್ಲಿ ದೊಡ್ಡ ತಲೆನೋವು. ಇಟಲಿಯ ಭೌತವಿಜ್ಞಾನಿಗಳ ಒಂದು ಗುಂಪು ಅದನ್ನೇ ಅಧ್ಯಯನ ಮಾಡಿ, ಚೀಸಿನ ತೂಕದ ನೂರಕ್ಕೆ 2ರಿಂದ 3 ಭಾಗದಷ್ಟು ಗಂಜಿ ಇದ್ದರೆ ಅದು ನುಣ್ಣಗೆ ನಿಲ್ಲುತ್ತದೆ ಅಂತ ತೋರಿಸಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ನೊಬೆಲ್ ಅನ್ನುವ ಬಹುಮಾನ ಇದೆ, ಅದಕ್ಕೆ 2025ರ ಭೌತವಿಜ್ಞಾನದ ಇಗ್ನೊಬೆಲ್ ಕೂಡ ಬಂತು. ನೂರು ಗ್ರಾಂ ಚೀಸಿಗೆ ಬರೀ ಎರಡು ಮೂರು ಗ್ರಾಂ ಗಂಜಿ! ಅಷ್ಟು ಸಾಕು. ನಾನು ಪ್ರತಿ ಸಲ ಸಿಂಕಿಗೆ ಸುರಿಯುತ್ತಿದ್ದುದು ಅದನ್ನೇ.

ಶುಕ್ರವಾರ ಮತ್ತೆ ಮಾಡಿದೆ. ಹೊಸ ಪ್ಯಾಕೆಟ್ ತಂದಿದ್ದೆ, ಉಳಿದದ್ದೆಲ್ಲ ಮನೆಯಲ್ಲೇ ಇದ್ದದ್ದು. ಅವ್ವನ ಕುರ್ಚಿಯನ್ನು ಅಡುಗೆಮನೆ ಬಾಗಿಲ ಹತ್ತಿರ ಎಳೆದು ಹಾಕಿದೆ, ಒಲೆಯಿಂದ ದೂರ ಇರಲಿ ಅಂತ ಅಲ್ಲಿಗೇ ನಿಲ್ಲಿಸಿದೆ.

ಮೊದಲು ನೀರು. ಇಟಲಿಯಲ್ಲಿ ಹೇಳುವ ಲೆಕ್ಕ ನೆನಪಿಡಲು ಸುಲಭ: 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಆ ಲೆಕ್ಕದಲ್ಲಿ 300 ಗ್ರಾಂಗೆ 3 ಲೀಟರ್ ಬೇಕು. ನನ್ನ ಹತ್ತಿರ ಅಷ್ಟು ಹೊತ್ತಿಲ್ಲ, ಅಷ್ಟು ನೀರು ಕುದಿಯುವಷ್ಟರಲ್ಲಿ ಮಗಳು ಮಲಗಿರುತ್ತಾಳೆ. ಅಮೆರಿಕದ ಆಹಾರ ವಿಜ್ಞಾನ ಲೇಖಕ ಹೆರಾಲ್ಡ್ ಮೆಕ್‌ಗೀ 2009ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದೇ ಪ್ರಶ್ನೆ ಎತ್ತಿದ್ದರು, ಅಷ್ಟೊಂದು ನೀರು ನಿಜಕ್ಕೂ ಬೇಕಾ ಅಂತ. ಸುಮಾರು 450 ಗ್ರಾಂ ಪಾಸ್ತಾವನ್ನು ಒಂದೂವರೆ ಲೀಟರಿಗಿಂತ ಸ್ವಲ್ಪ ಕಮ್ಮಿ ನೀರಿನಲ್ಲೇ, ಅದೂ ತಣ್ಣೀರಿನಿಂದ ಶುರು ಮಾಡಿ ಬೇಯಿಸಿ ತೋರಿಸಿದ್ದರು. ಆಗಾಗ ಕೈಯಾಡಿಸಬೇಕು, ಅಷ್ಟೇ. ನೀರು ಕಮ್ಮಿ ಆದಷ್ಟೂ ಗಂಜಿ ಗಟ್ಟಿ. ಬಸ್ಸಾರಿಗೆ ನೀರು ಜಾಸ್ತಿ ಇಟ್ಟರೆ ಕಟ್ಟು ಸಪ್ಪೆಯಾಗುತ್ತದೆ ಅಂತ ಅವ್ವ ಬೈಯುತ್ತಿದ್ದುದೂ ಇದಕ್ಕೇ. ನಾನು ಅಗಲವಾದ ಬಾಣಲೆಯಲ್ಲಿ ಒಂದೂವರೆ ಲೀಟರ್ ಇಟ್ಟೆ. ಉಪ್ಪು ಒಂದೂವರೆ ಟೀ ಚಮಚ ಮಾತ್ರ. ಇಲ್ಲಿ ಎಚ್ಚರ ಬೇಕು. ನೀರು ಕಮ್ಮಿ ಇಟ್ಟು ಉಪ್ಪು ಹಳೇ ಅಂದಾಜಲ್ಲೇ ಹಾಕಿದರೆ, ಕೊನೆಗೆ ಆ ನೀರು ಸೇರಿದಾಗ ಬಾಯಿಗೆ ಇಡೋಕೆ ಆಗಲ್ಲ.

ಇನ್ನು ಬೆಳ್ಳುಳ್ಳಿ. ಇಲ್ಲಿ ನಮ್ಮ ಒಗ್ಗರಣೆಗೆ ಪೂರ್ತಿ ಉಲ್ಟಾ. ಒಗ್ಗರಣೆ ಅಂದರೆ ಎಣ್ಣೆ ಚೆನ್ನಾಗಿ ಕಾಯಬೇಕು, ಸಾಸಿವೆ ಸಿಡಿಯಬೇಕು, ಚುಂಯ್ ಅನ್ನಬೇಕು. ಇಲ್ಲಿ ತಣ್ಣನೆ ಎಣ್ಣೆಗೇ ಬೆಳ್ಳುಳ್ಳಿ ಹಾಕಿ ಸಣ್ಣ ಉರಿ ಹಚ್ಚಬೇಕು. ಹತ್ತು ಎಸಳು ನಾಟಿ ಬೆಳ್ಳುಳ್ಳಿಯನ್ನು ತೆಳ್ಳಗೆ ಬಿಲ್ಲೆ ಮಾಡಿದೆ. ಜಜ್ಜಲಿಲ್ಲ, ಜಜ್ಜಿದರೆ ಪುಡಿ ಪುಡಿಯಾಗಿ ಒಂದೆರಡು ತುಣುಕು ಮೊದಲೇ ಕರಿದುಹೋಗಿ ಎಲ್ಲಕ್ಕೂ ಕಹಿ ಹತ್ತಿಸುತ್ತದೆ. ನಾಲ್ಕು ದೊಡ್ಡ ಚಮಚ ಎಣ್ಣೆ. ಮೊದಲ ಒಂದು ನಿಮಿಷ ಏನೂ ಆಗುವುದಿಲ್ಲ. ಒಗ್ಗರಣೆಗೆ ಪಳಗಿದ ಕೈಗೆ ಆ ಒಂದು ನಿಮಿಷ ಉರಿ ಜಾಸ್ತಿ ಮಾಡು ಅಂತ ತುಂಬಾ ಅನಿಸುತ್ತದೆ. ಮಾಡಬಾರದು. ನಿಧಾನಕ್ಕೆ ಬಿಲ್ಲೆಗಳ ಸುತ್ತ ಸಣ್ಣ ಗುಳ್ಳೆ ಏಳುತ್ತವೆ, ಆಮೇಲೆ ಒಂದೊಂದೇ ಬಿಲ್ಲೆ ಅಂಚಿನಲ್ಲಿ ಒಣ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆಗ ಬೀಜ ಉದುರಿಸಿ ಮುರಿದ ಎರಡು ಬ್ಯಾಡಗಿ ಮೆಣಸಿನಕಾಯಿ ಹಾಕಿದೆ. ಎಣ್ಣೆಗೆ ಆ ಕೆಂಪು ಇಳಿಯುವುದನ್ನು ನೋಡುವುದೇ ಚೆಂದ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ, ಹಾಗಾಗಿ ಮಗಳೂ ತಿನ್ನುತ್ತಾಳೆ. ನೇಪಲ್ಸ್‌ನ ಮೆಣಸಿನಕಾಯಿ, ಬ್ಯಾಡಗಿಯ ಮೆಣಸಿನಕಾಯಿ ಎರಡರ ಮೂಲವೂ ಅಮೆರಿಕ ಖಂಡವೇ, ಎರಡೂ ಕಡೆ ಹಡಗಿನಲ್ಲಿ ಬಂದು ಊರಿನವೇ ಆಗಿಹೋದವು.

"ಸೀಯಿಸ್ಬೇಡ ಮಗ, ಸಾಕು" ಅಂದಳು ಅವ್ವ ಬಾಗಿಲಿಂದ. ವಾಸನೆಯಲ್ಲೇ ಹೇಳಿದ್ದು. ನಾನು ಬಗ್ಗಿ ನೋಡಿದರೆ ಬಿಲ್ಲೆಗಳು ಆಗ ತಾನೇ ಹೊಂಬಣ್ಣಕ್ಕೆ ಬಂದಿದ್ದವು. ಪಕ್ಕದ ಒಲೆಯಲ್ಲಿ ಸ್ಪಗೆಟ್ಟಿ ಬೇಯುತ್ತಿತ್ತು. ಅದರ ನೀರನ್ನೇ ಅರ್ಧ ಸೌಟು ತೆಗೆದು ಎಣ್ಣೆಗೆ ಹಾಕಿದೆ. ಜೋರಾಗಿ ಸಿಡಿಯುತ್ತದೆ, ಮುಖ ಆಚೆ ತಿರುಗಿಸಿಕೊಂಡು ಹಾಕಬೇಕು, ಮಕ್ಕಳು ಪಕ್ಕದಲ್ಲಿ ಇರಬಾರದು. ಆದರೆ ಆ ಅರ್ಧ ಸೌಟು ಬಿದ್ದ ಕ್ಷಣ ಬೆಳ್ಳುಳ್ಳಿ ಕರಿಯುವುದು ನಿಲ್ಲುತ್ತದೆ.

ಪ್ಯಾಕೆಟ್ ಮೇಲೆ 9 ನಿಮಿಷ ಅಂತ ಇತ್ತು. ಬೆಂಗಳೂರಿನಲ್ಲಿ ಆ 9 ಸಾಲುವುದಿಲ್ಲ. ನಾವು ಇರುವುದು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಬೇಯುವುದಕ್ಕಿಂತ ಇಲ್ಲಿ ಒಂದು ನಿಮಿಷ ಆಚೀಚೆ ಜಾಸ್ತಿ ಹಿಡಿಯುತ್ತದೆ. ಗಡಿಯಾರಕ್ಕಿಂತ ಹಲ್ಲು ನಂಬುವುದು ಒಳ್ಳೆಯದು. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಹಾಗೇ ಒಂದು ಎಳೆ ತೆಗೆದು ಕಚ್ಚಿ, ಕಚ್ಚಿದ ಕಡೆ ನೋಡಬೇಕು. ನಟ್ಟ ನಡುವೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕೆ ಕಾಣುತ್ತದೆ. ಅದು ದೊಡ್ಡದಾಗಿ ಇದ್ದರೆ ಇನ್ನೂ ಹಸಿ. ಕಂಡೂ ಕಾಣದ ಹಾಗೆ ಇದ್ದಾಗಲೇ ಎತ್ತಬೇಕು, ಯಾಕಂದರೆ ಉಳಿದ ಎರಡು ನಿಮಿಷದ ಬೇಯುವಿಕೆ ಎಣ್ಣೆಯ ಬಾಣಲೆಯಲ್ಲಿ ಆಗಬೇಕು.

ಬಸಿಯಲೇ ಇಲ್ಲ ಈ ಸಲ. ಇಕ್ಕಳದಲ್ಲಿ ಹಿಡಿದು ಎಳೆಗಳನ್ನು ನೀರು ಸೋರುತ್ತಿದ್ದ ಹಾಗೇ ಬೆಳ್ಳುಳ್ಳಿ ಬಾಣಲೆಗೆ ದಾಟಿಸಿದೆ. ಮೇಲಿಂದ ಎರಡು ಸೌಟು ಆ ನೀರು. ಉರಿ ದೊಡ್ಡದು ಮಾಡಿದೆ. ಮೊದಲು ನೋಡಿದರೆ ಕೈ ಕೆಟ್ಟಿತೇನೋ ಅನಿಸುತ್ತದೆ, ನೀರಿನಲ್ಲಿ ಎಣ್ಣೆ ಕಣ್ಣು ಕಣ್ಣಾಗಿ ತೇಲುತ್ತಾ ಸ್ಪಗೆಟ್ಟಿ ಅದರಲ್ಲಿ ಒದ್ದಾಡುತ್ತಿರುತ್ತದೆ. ಬಿಡದೆ ತಿರುಗಿಸುತ್ತಾ, ಎತ್ತಿ ಎತ್ತಿ ಹಾಕುತ್ತಾ ಇರಬೇಕು. ಒಂದು ನಿಮಿಷ. ಒಂದೂವರೆ. ಆಮೇಲೆ ನೋಡನೋಡುತ್ತಿದ್ದ ಹಾಗೆ ಆ ಎಣ್ಣೆ ಕಣ್ಣುಗಳು ಮಾಯ ಆದವು. ನೀರು ಹಾಲಿಗೆ ಅರಿಶಿನದ ಹನಿ ಬಿದ್ದ ಹಾಗೆ ಮಸುಕು ಹಳದಿಗೆ ತಿರುಗಿ, ಸಾರಿನ ಹಾಗಿದ್ದದ್ದು ಗೊಜ್ಜಿನ ಹಾಗಾಗಿ, ಎಳೆಗಳ ಮೇಲೆ ಹೊಳೆಯುತ್ತಾ ಕೂತಿತು. ಬಾಣಲೆ ಓರೆ ಮಾಡಿದರೆ ತಳದಲ್ಲಿ ಎಣ್ಣೆ ಇಲ್ಲ. ಹತ್ತು ವರ್ಷ ಪಾಸ್ತಾ ಮಾಡಿದ್ದೇನೆ, ಹೀಗೆ ಆಗಿದ್ದು ಅವತ್ತೇ ಮೊದಲು. ಒಲೆ ಆರಿಸಿ ಹಾಗೇ ನೋಡುತ್ತಾ ನಿಂತುಬಿಟ್ಟೆ.

ಬ್ರೆಡ್ಡಿನ ತುದಿ ಹೋಳುಗಳನ್ನು ಮೊದಲೇ ಕೈಯಲ್ಲಿ ಪುಡಿ ಮಾಡಿ, ಒಂದು ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿದು ಇಟ್ಟುಕೊಂಡಿದ್ದೆ. ದಕ್ಷಿಣ ಇಟಲಿಯಲ್ಲಿ ಚೀಸ್ ಕೊಳ್ಳಲು ಆಗದ ಮನೆಗಳಲ್ಲಿ ಹೀಗೆ ಒಣ ಬ್ರೆಡ್ ಪುಡಿ ಉದುರಿಸಿ ತಿನ್ನುತ್ತಿದ್ದರು, ಈಗಲೂ ಇಷ್ಟಪಟ್ಟು ಮಾಡುತ್ತಾರೆ. ಮೆತ್ತನೆ ಸ್ಪಗೆಟ್ಟಿ ನಡುವೆ ಅದು ಕರುಂ ಅನ್ನುತ್ತದೆ. ಕೊತ್ತಂಬರಿ ಹೆಚ್ಚಿ ಹಾಕಿದೆ, ಅರ್ಧ ನಿಂಬೆಹಣ್ಣು ಹಿಂಡಿದೆ. ಚೀಸ್ ಈ ಅಡುಗೆಗೆ ಬೇಡ. ಮಗಳಿಗೆ ಬೇಕೇ ಬೇಕು, ಅವಳ ತಟ್ಟೆಗೆ ಒಂದು ಕ್ಯೂಬ್ ತುರಿದೆ. ತಪ್ಪೇನಿಲ್ಲ, ಅವಳ ಊಟ ಅದು. ಅವತ್ತು ಅವಳು ತಟ್ಟೆ ಖಾಲಿ ಮಾಡಿ ಬಾಣಲೆಯಲ್ಲಿ ಇನ್ನೂ ಇದೆಯಾ ಅಂತ ನೋಡಿ ಬಂದಳು.

ಎಣ್ಣೆ ಬಗ್ಗೆ ಕೇಳುವವರಿಗೆ ಒಂದು ಮಾತು. ಆಲಿವ್ ಎಣ್ಣೆಯ ರುಚಿ ಬೇರೆ, ಅದು ಇದ್ದರೆ ಹಾಕಿ. ಇಲ್ಲದಿದ್ದರೆ ಗಾಣದ ಕಡಲೆಕಾಯಿ ಎಣ್ಣೆ ಚೆನ್ನಾಗೇ ಆಗುತ್ತದೆ, ಅದಕ್ಕೆ ತನ್ನದೇ ಒಂದು ಘಮ ಇದೆ, ಬೆಳ್ಳುಳ್ಳಿಗೆ ಅದು ಹೊಸ ಪರಿಚಯವೂ ಅಲ್ಲ. ಘಮವೇ ಇಲ್ಲದ ರಿಫೈನ್ಡ್ ಎಣ್ಣೆಯಲ್ಲಿ ಮಾತ್ರ ಈ ಅಡುಗೆ ಸಪ್ಪೆ ಹೊಡೆಯುತ್ತದೆ. ನಾಲ್ಕೇ ಸಾಮಾನು ಇರುವಾಗ ಅದರಲ್ಲಿ ಒಂದು ಸುಮ್ನೆ ಕೂತರೆ ಗೊತ್ತಾಗಿಬಿಡುತ್ತದೆ.

ಪಾಸ್ತಾ ಕೊಳ್ಳುವಾಗ ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ. ಡ್ಯೂರಮ್ ಗೋಧಿಯ ರವೆ ಅಂತ ಇರಬೇಕು. ಮೈದಾ ಸೇರಿದ್ದು ಬೇಗ ಮೆತ್ತಗಾಗಿ ಒಡೆಯುತ್ತದೆ, ಎರಡು ನಿಮಿಷ ಬಾಣಲೆಯಲ್ಲಿ ತಿರುಗಿಸುವುದನ್ನು ತಡೆಯುವುದಿಲ್ಲ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಲ್ಲೇ ಮಾಡಬೇಕು ಅಂತ 1967ರಲ್ಲಿ ಕಾನೂನೇ ಮಾಡಿದ್ದಾರೆ. ಡ್ಯೂರಮ್ ಅಂದರೆ ನಮಗೆ ಗೊತ್ತಿಲ್ಲದ ಯಾವುದೋ ಧಾನ್ಯ ಅಲ್ಲ. ಅಂಗಡಿಯಲ್ಲಿ ಬನ್ಸಿ ರವೆ ಅಂತ ಕೇಳಿ ತರುತ್ತೇವಲ್ಲ, ಉಪ್ಪಿಟ್ಟು ಉದುರು ಉದುರಾಗಿ ಬರಲಿ ಅಂತ, ಆ ಬನ್ಸಿ ಡ್ಯೂರಮ್ ಜಾತಿಯ ಗೋಧಿಯೇ. ಅದೇ ಹಳದಿ, ಅದೇ ಗಟ್ಟಿತನ.

ನಮ್ಮ ಅತ್ತೆ ಧಾರವಾಡದ ಕಡೆಯವರು. ಪ್ರತಿ ಬೇಸಿಗೆಯಲ್ಲಿ ಜವೆ ಗೋಧಿ ಶಾವಿಗೆ ಕಳಿಸುತ್ತಾರೆ, ಜೊತೆಗೆ ಒಂದು ಸಣ್ಣ ಡಬ್ಬದಲ್ಲಿ ಗವಲಿ. ಹಿಟ್ಟನ್ನು ಬೆರಳ ತುದಿಯಲ್ಲಿ ಹೊಸೆದು ಅಕ್ಕಿ ಕಾಳಿನಷ್ಟೇ ಸಣ್ಣಗೆ ಮಾಡಿ ಒಣಗಿಸಿದ್ದು, ಪಾಯಸಕ್ಕೆ ಹಾಕುತ್ತಾರೆ. ಅಂಗಡಿಯಲ್ಲಿ ಒರ್ಜೊ ಅಂತ ಅಕ್ಕಿ ಕಾಳಿನ ಆಕಾರದ ಪಾಸ್ತಾ ಸಿಗುತ್ತದೆ. ಒಮ್ಮೆ ಅದನ್ನು ತಂದು ಅತ್ತೆಗೆ ತೋರಿಸಿದಾಗ ಅಂಗೈ ಮೇಲೆ ಹಾಕಿಕೊಂಡು, "ಇದು ನಮ್ಮ ಗವಲಿನೇ ಐತಲ್ಲವಾ, ಮಷಿನ್ಯಾಗ ಮಾಡ್ಯಾರ ನೋಡು" ಅಂದರು. ಮದುವೆ ಮನೆಗೆ ಅಂತ ಹೆಂಗಸರು ಸುತ್ತ ಕೂತು ಹಾಡು ಹೇಳುತ್ತಾ ಶಾವಿಗೆ ಹೊಸೆಯುತ್ತಿದ್ದುದು, ಹಗ್ಗದ ಮೇಲೆ, ಕೋಲಿನ ಮೇಲೆ ಒಣಗಲು ಹಾಕುತ್ತಿದ್ದುದು, ಇದನ್ನೆಲ್ಲ ಅವರ ಬಾಯಲ್ಲಿ ಕೇಳಬೇಕು. ಅದಕ್ಕೇ ಒಂದು ಬರಹ ಬೇಕು, ಇನ್ನೊಂದು ದಿನ ಬರೆಯುತ್ತೇನೆ.

ಈ ಕಟ್ಟಿನ ವಿಷಯ ಕೈಗೆ ಹತ್ತಿದ ಮೇಲೆ ವಾರದ ದಿನದ ಅಡುಗೆಯೇ ಹಗುರ ಆಗಿದೆ. ಟೊಮೆಟೊ ಎರಡು ಇದ್ದರೆ ಅದೇ ಬೆಳ್ಳುಳ್ಳಿ ಎಣ್ಣೆಯಲ್ಲಿ ಉಪ್ಪು ಹಾಕಿ ಬಾಡಿಸಿ, ಮೇಲೆ ಒಂದು ಸೌಟು ನೀರು. ಸಬ್ಬಸಿಗೆ ಸೊಪ್ಪು ತುಂಬಾ ಚೆನ್ನಾಗಿ ಹೊಂದುತ್ತದೆ, ಕೊನೆಯಲ್ಲಿ ಹಾಕಿ, ಜಾಸ್ತಿ ಬೇಯಿಸಬೇಡಿ. ಮೆಂತ್ಯ ಸೊಪ್ಪು ನನಗೆ ಸರಿ ಬರಲಿಲ್ಲ, ಕಹಿ ಮುಂದೆ ಬರುತ್ತದೆ. ಡಿಸೆಂಬರ್ ಜನವರಿಯಲ್ಲಿ ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯನ್ನು ಪಾಸ್ತಾ ಬೇಯುವ ನೀರಿಗೇ ಹಾಕಿ ಜೊತೆಗೇ ಬೇಯಿಸಿದೆ. ಬೇಳೆಯ ಸತ್ವವೂ ಅದೇ ನೀರಿಗೆ ಇಳಿದು ಕಟ್ಟು ಇನ್ನೂ ಗಟ್ಟಿಯಾಯಿತು, ಬಾಣಲೆಯಲ್ಲಿ ಅರ್ಧ ನಿಮಿಷದಲ್ಲೇ ಹಿಡಿಯಿತು. ಇಟಲಿಯಲ್ಲೂ ಕಡಲೆ, ಬೀನ್ಸ್ ಕಾಳುಗಳ ಜೊತೆ ಪಾಸ್ತಾ ಬೇಯಿಸುವುದು ಬಡವರ ಮನೆಯ ಹಳೇ ಅಡುಗೆ. ಹಿತಕಿದ ಬೇಳೆಯನ್ನು ನಾನು ಮಾತ್ರ ಹಾಕಿದ್ದಿರಬಹುದು, ಆದರೆ ದಾರಿ ಅದೇ.

ಪೂರ್ತಿ ಅಡುಗೆಗೆ ನೀರು ಇಟ್ಟಾಗಿನಿಂದ ತಟ್ಟೆಗೆ ಬರುವವರೆಗೆ 25 ನಿಮಿಷ. ತೊಳೆಯಲು ಎರಡು ಬಾಣಲೆ, ಒಂದು ಸೌಟು, ಒಂದು ಇಕ್ಕಳ.

ಮುಂದಿನ ವಾರ ಮಂಗಳವಾರವೋ ಏನೋ ಮತ್ತೆ ಮಾಡಿದೆ. ಊಟ ಆಯಿತು. ಅವ್ವನ ಕಪ್ಪು ಕನ್ನಡಕ ಆಗ ತೆಗೆದಾಗಿತ್ತು, ಒಲೆ ಹತ್ತಿರ ಮಾತ್ರ ಇನ್ನೂ ಬಿಟ್ಟಿರಲಿಲ್ಲ. ನಾನು ಪಾತ್ರೆ ಎತ್ತುತ್ತಿದ್ದಾಗ ಎದ್ದು ಬಂದು ಉಳಿದಿದ್ದ ನೀರಿನ ಬಾಣಲೆಯನ್ನು ಓರೆ ಮಾಡಿ ನೋಡಿದಳು. ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ ಜಿಗುಟು ನೋಡಿ, ನಾಲಿಗೆಗೆ ಇಟ್ಟುಕೊಂಡಳು.

"ಒಂದು ಚೊಂಬು ಕೊಡು ಮಗ" ಅಂದಳು.

ನೀರನ್ನು ಚೊಂಬಿಗೆ ಬಗ್ಗಿಸಿ, ಮುಚ್ಚಿ ಫ್ರಿಜ್ಜಿನಲ್ಲಿ ಇಟ್ಟಳು. ಬೆಳಿಗ್ಗೆ ಆರೂವರೆಗೆ ನಾನು ಏಳುವಷ್ಟರಲ್ಲಿ ಊಟದ ಟೇಬಲ್ ಮೇಲೆ ಪರಾತ ಇಟ್ಟುಕೊಂಡು ಗೋಧಿ ಹಿಟ್ಟು ಕಲಸುತ್ತಿದ್ದಳು. ಚೊಂಬು ಪಕ್ಕದಲ್ಲಿತ್ತು. ನಾನು ಉಪ್ಪಿನ ಡಬ್ಬ ತಂದು ಹತ್ತಿರ ಇಟ್ಟೆ.

ತಲೆ ಎತ್ತದೆ ಡಬ್ಬವನ್ನು ಮೊಣಕೈಯಿಂದ ಆಚೆ ಸರಿಸಿದಳು. "ಬೇಡ ಮಗ. ಇದ್ರಲ್ಲೇ ಐತೆ."